ಬಾಂದುಕಲ್ಲು, ತಾರೀಖು ಸಹಿತ

ಬಸರಾಳಿನ ಹಿಂದೆ, ಏಳನೇ ತೂಬಿನ ಕೆಳಗೆ,
ಕೂಳೆ ಕಬ್ಬಿನ ನಡುವೆ ನಿಂತಿದ್ದೇನೆ.
ಕಲ್ಲು ಸರಿದಿದೆ ಎನ್ನುತ್ತಾಳೆ ಚಿಕ್ಕತಾಯಮ್ಮ.
ಸರಿದಿಲ್ಲ ಎನ್ನುತ್ತಾಳೆ ಓರಗಿತ್ತಿ ಗೌರಾಜಮ್ಮ.
ವ್ಯಾಜ್ಯ ಅರ್ಧ ಆಣೆಯದು.
ಮೂವತ್ತಮೂರಡಿ ಸರಪಳಿಗೆ ಹದಿನಾರು ಆಣೆ;
ಅರ್ಧವೆಂದರೆ ಒಂದು ಮೊಳವೂ ಇಲ್ಲ.
ಮಕ್ಕಳ ತಲೆ ಮುಟ್ಟಿ ಇಬ್ಬರದೂ ಆಣೆ ಆಗಿದೆ,
ಇನ್ನು ಉಳಿದದ್ದು ಅಳೆಯುವ ಆಣೆ.

ಸಣ್ಣಮರಿಯಯ್ಯ ಸರಪಳಿ ಎಳೆದು ನಲವತ್ತು ವರ್ಷ.
ನನ್ನ ಮುಕ್ಕಾಲಿಯ ಮೇಲಿನ ತಟ್ಟೆಗೆ ಬಿಸಿಲು ತಾಗದಿರಲೆಂದು
ಕೊಡೆ ಬಿಚ್ಚಿ ಹಿಡಿದ. ಬೇಡ ಮರಿಯಯ್ಯ,
ಅದು ಆಕಾಶ ನೋಡಬೇಕು.
ಕೊಡೆ ಮಡಿಸುತ್ತ ಕೇಳಿದ:
"ಅಲ್ಲೂ ಹಿಂಗೇ ಬಾಂದು ನೆಟ್ರಾ ಅವ್ವಾ,
ಆ ಐಸಿನ ದೇಸ್ದಲ್ಲಿ?"

ನೆಟ್ಟೆವು, ಐಸಿನ ಮೇಲಲ್ಲ.
ಐಸೆಂದರೆ ನಿಂತ ಹಾಗೆ ಕಾಣುವ ಹೊಳೆ;
ಸೋಮವಾರ ನೆಟ್ಟ ಬಿದಿರುಗಳು
ಶನಿವಾರಕ್ಕೆ ಎರಡು ಮಾರು ಕೆಳಗಿತ್ತು.
ಹಿಮದಿಂದ ಮೂಗು ಚಾಚಿದ ಕರಿಬಂಡೆ ಹುಡುಕಿ,
ಎರಡು ಗೇಣು ಕೊರೆದು, ಉಕ್ಕಿನ ಕಂಬಿ ಇಳಿಸಿ ಅಂಟು ಸುರಿದರೆ
ಅಂಟು ಆ ಚಳಿಗೆ ಗಟ್ಟಿಯಾಗಲೊಲ್ಲದು.
ಎರಡು ರಾತ್ರಿ ಬಿಸಿನೀರಿನ ಚೀಲ ಸುತ್ತಿ ಕಾದೆವು
(ರಾತ್ರಿ ಎಂಬುದು ಗಡಿಯಾರದ ಮಾತು, ಸೂರ್ಯ ಇಳಿದೇ ಇರಲಿಲ್ಲ)
ಬಾಣಂತಿ ಕಾದ ಹಾಗೆ.

ಅಲ್ಲಿ ಉಪಗ್ರಹ ಒಂದೂ ನೆತ್ತಿಗೆ ಬರುವುದಿಲ್ಲ.
ಬೇಲಿಯಾಚೆ ನಿಂತು ಜಗಳ ನೋಡುವವರಂತೆ
ಬದಿಬದಿಯಲ್ಲೇ ಸುತ್ತುತ್ತವೆ.
ಉದ್ದಗಲ ಸಿಕ್ಕೀತು, ಎತ್ತರ ಬೇಗ ಕೈಗೆ ಹತ್ತದು.
ಇಲ್ಲಿ ನೂರೆಂಟು ಕಿಲೋಮೀಟರ್ ಇರುವ ರೇಖಾಂಶದ ಡಿಗ್ರಿ
ಅಲ್ಲಿ ಮೂವತ್ತೆಂಟು.
ಇನ್ನೂ ನಡೆದು ಧ್ರುವದ ಚುಕ್ಕಿ ಮುಟ್ಟಿದರೆ
ಪೂರ್ವವೇ ಇಲ್ಲ.
ಆ ಜಾಗಕ್ಕೊಂದು ಕ್ರಯಪತ್ರ ಬರೆದುಕೊಡು ನೋಡೋಣ:
ಚೆಕ್ಕುಬಂದಿ, ನಾಲ್ಕೂ ಕಡೆಗೆ ಉತ್ತರ.

"ಬಂಡೆಯಾದ್ರೂ ನಿಂತದಾ?"
ಇಲ್ಲ. ಮೇಲಿನ ಐಸು ಕರಗಿ ಭಾರ ಇಳಿದಷ್ಟೂ
ಮೂಟೆ ಇಳಿಸಿದ ಹಮಾಲಿಯ ಬೆನ್ನಿನಂತೆ ಏಳುತ್ತದೆ,
ವರ್ಷಕ್ಕೊಂದು ರಾಗಿಕಾಳು.
ಅದಕ್ಕೇ ನಾವು ಲೆಕ್ಕ ಹಿಡಿಯುವುದು
ಭೂಮಿಯ ನಟ್ಟನಡುವಿನಿಂದ, ಯಾರೂ ಕಾಣದ ಬಿಂದುವಿನಿಂದ;
ಪ್ರತಿ ಅಂಕಿಯ ಪಕ್ಕ ತಾರೀಖು.
ಈ ಗದ್ದೆಯೂ ನಿಂತಿಲ್ಲ ಮರಿಯಯ್ಯ,
ವರ್ಷಕ್ಕೆ ಮೂರು ಬೆರಳು ಈಶಾನ್ಯಕ್ಕೆ.

ಅವನು ಬೀಡಿ ಕೊಡವಿದ.
"ಎಲ್ಲಾರ್ದೂ ಒಂದೇ ಸಮ ಸರುದ್ರೆ
ಜಗ್ಳ ಎಲ್ಲಿಂದ ಬಂದಾತವ್ವಾ?"
ನನ್ನ ಬಳಿ ಉತ್ತರವಿತ್ತು. ಬೇರೆ ಬೇರೆ ನೆಲ, ಬೇರೆ ಬೇರೆ ವೇಗ.
ಹೇಳಲಿಲ್ಲ. ಅವನಾಗಲೇ ಗುದ್ದಲಿ ಎತ್ತಿದ್ದ.

ಕಲ್ಲು ಸುಳ್ಳಾಡ್ತದೆ, ಇದ್ದಿಲು ಆಡಾಕಿಲ್ಲ, ಅನ್ನುತ್ತಿದ್ದ.
ಹಿಂದಿನವರು ಬಾಂದಿನಡಿ ಇದ್ದಿಲು ಹೂಳುತ್ತಿದ್ದರು;
ಕೊಳೆಯದು, ತಾನಾಗಿ ನಡೆಯದು.
ನಾನು ಹೊರಟಾಗ ನನಗೂ ಒಂದು ತುಂಡು ಕೊಟ್ಟಿದ್ದ,
ಆ ಕಂಬಿಯ ಬುಡಕ್ಕೆಂದು.
ಅಲ್ಲಿ ಏನೂ ಬಿಟ್ಟು ಬರಕೂಡದು,
ಉಚ್ಚೆಯನ್ನೂ ಡಬ್ಬಿಯಲ್ಲಿ ಹೊತ್ತು ತರಬೇಕು.
ನಾಲ್ಕು ತಿಂಗಳು ಅಂಗಿಯ ಜೇಬಿನಲ್ಲೇ ಇತ್ತು,
ಸಾಕ್ಷಿಗೆ ಕರೆಯದ ಸಾಕ್ಷಿ.

ಕಲ್ಲಿನಡಿ ಬರೀ ಎರೆಮಣ್ಣು.
ಒಂದಡಿ ಆಚೆ, ಬದುವಿನಡಿ, ಕಪ್ಪು ಕಂಡಿತು.
ನನ್ನ ಪರದೆಯೂ ಅಲ್ಲೇ ಹೇಳಿತ್ತು, ಯಾರೂ ಅದನ್ನು ನೋಡಲಿಲ್ಲ.
ಓರಗಿತ್ತಿಯರು ಬಗ್ಗಿ ಇದ್ದಿಲು ನೋಡಿದರು,
ಆಮೇಲೆ ಒಬ್ಬರನ್ನೊಬ್ಬರು ನೋಡದೆ ಸೀರೆ ಕೊಡವಿದರು.
ಜೇಬಿನ ತುಂಡನ್ನೂ ಆ ಕುಳಿಗೆ ಹಾಕಿದೆ.

ನಮೂನೆಯಲ್ಲಿ ಜಾಗಕ್ಕೆ ತಾರೀಖಿನ ಕಾಲಂ ಇಲ್ಲ.
ಅಂಚಿನಲ್ಲಿ ಬರೆದೆ.
ಹೆಬ್ಬೆಟ್ಟಿನ ಮಸಿಗೆ ಇಬ್ಬರೂ ಕೈ ಚಾಚಿದಾಗ
ಮಸಿ ಒಣಗಿತ್ತು; ಮರಿಯಯ್ಯ ಡಬ್ಬಿಗೆ ಉಗುಳಿ ಕಲಸಿದ.